ಮೊದಲ ಉಸ್ತ್ರಾಕ್ಕೆ ರೊಕ್ಕ ಎಲ್ಲಿ ಹಾಕಬೇಕು

ಕಲಬುರಗಿಯ ಸಲೂನ್‌ಗಳಿಗೆ ಕೆಲಸ ಕಲಿಯಲು ಬರುವ ಹುಡುಗರು ಮೊದಲು ಕೇಳುವುದು ಕತ್ತರಿಯ ಬಗ್ಗೆ ಅಲ್ಲ, ಗಡ್ಡ ಬೋಳಿಸುವ ಕತ್ತಿ, ಅಂದರೆ ಉಸ್ತ್ರಾದ ಬಗ್ಗೆ. ಮೊಬೈಲಿನಲ್ಲಿ ಮರದ ಹಿಡಿಯ ಫಳಫಳ ಕತ್ತಿ ತೋರಿಸಿ, ‘ಅಣ್ಣಾ, ಬರೇ ಎಂಟುನೂರಕ್ಕ ಅದ, ತರಿಸ್ಲೇನು?’ ಅಂತಾರೆ. ಬೇಡ. ಎಂಟುನೂರು ಜಾಸ್ತಿ ಅಂತಲ್ಲ, ಆ ಎಂಟುನೂರು ಬರೀ ಮುಂಗಡ ಅಂತ.

ಸಾಣೆ ಹಿಡಿಯುವ ಹಳೇ ನಮೂನೆಯ ಕತ್ತಿಗೆ ಹದ ಕೊಡುವವರು ನಾವೇ. ಒರಟಿನಿಂದ ನಯದವರೆಗೆ 1000, 4000, 8000 ನಂಬರಿನ ಮೂರು ಸಾಣೆ ಕಲ್ಲು ಬೇಕು, ಜೊತೆಗೆ ಚರ್ಮದ ಪಟ್ಟಿ. ಪ್ರತಿ ಸಲ ಗಡ್ಡ ಬೋಳಿಸುವ ಮುಂಚೆ ಪಟ್ಟಿಯ ಮೇಲೆ 40–50 ಸಲ ಎಳೆಯಬೇಕು. ಎಳೆಯುವಾಗ ಬೆನ್ನು ಮುಂದೆ, ಬಾಯಿ ಹಿಂದೆ. ತಿರುಗಿಸುವುದೂ ಬೆನ್ನಿನ ಮೇಲೆಯೇ. ಬಾಯಿಯ ಮೇಲೆ ತಿರುಗಿಸಿದರೆ ಪಟ್ಟಿಯೂ ಸೀಳುತ್ತದೆ, ಹದವೂ ಹೋಗುತ್ತದೆ. ಅಗ್ಗದ ಕತ್ತಿಯ ಉಕ್ಕು ಮೆತ್ತಗಿರುತ್ತದೆ. ಎಷ್ಟು ಉಜ್ಜಿದರೂ ಎರಡೇ ಗಡ್ಡಕ್ಕೆ ಬಾಯಿ ಮಡಚಿಕೊಂಡು ಕೂದಲು ಜಗ್ಗಲು ಶುರು ಮಾಡುತ್ತದೆ.

ಅಜ್ಜನ ಕಾಲದ ಕತ್ತಿ ಮನೆಯಲ್ಲಿದ್ದರೆ ಬೇರೆ ಮಾತು. ಅದನ್ನು ದಪ್ಪ ಗಾಜಿನ ಮೇಲೆ ಮಲಗಿಸಿ. ಬೆನ್ನು ಮತ್ತು ಬಾಯಿ ಎರಡೂ ಉದ್ದಕ್ಕೂ ಗಾಜಿಗೆ ತಾಗಬೇಕು. ಒಂದು ತುದಿ ಒತ್ತಿದಾಗ ಇನ್ನೊಂದು ಎದ್ದರೆ ಅಲಗು ತಿರುಚಿದೆ, ಅದು ಕಲಿಯುವವರ ಕೆಲಸವಲ್ಲ. ಬೆನ್ನಿನ ಹತ್ತಿರದ ಕಲೆಗೆ ಹೆದರಬೇಡಿ, ಬಾಯಿಯ ಅಂಚಿನಲ್ಲೇ ತುಕ್ಕಿನ ಗುಳಿ ಇದ್ದರೆ ಬಿಟ್ಟುಬಿಡಿ. ಹೊಸದೇ ಬೇಕೆಂದು ಹಟ ಹಿಡಿದರೆ 5/8 ಇಂಚಿನ ಅಗಲ, ದುಂಡು ತುದಿ. ಚೂಪು ಮೂಲೆ ಕಿವಿಯ ಹಾಲೆಯನ್ನು ಮೊದಲು ಹುಡುಕಿಕೊಂಡು ಹೋಗುತ್ತದೆ. ಕತ್ತಿಗಳಿಗೆ ಹೆಸರಾದ ಜರ್ಮನಿಯ ಸೋಲಿಂಗೆನ್ ಊರಿನ ಹೆಸರಿಗೆ ಅಲ್ಲಿ 1938ರಿಂದಲೇ ಕಾನೂನಿನ ರಕ್ಷಣೆ ಇದೆ. ಆದರೆ ಆ ಹೆಸರು ಕೆತ್ತಿದ್ದೆಲ್ಲ ಅಲ್ಲಿಂದಲೇ ಬಂದದ್ದು ಅಂತ ನಂಬಿ ರೊಕ್ಕ ಎಣಿಸಬೇಡಿ.

ಅಂಗಡಿಗೆ ಬೇಕಾದದ್ದು ಅರ್ಧ ಬ್ಲೇಡಿನ ಸ್ಟೀಲ್ ಉಸ್ತ್ರಾ, ಅಂದರೆ ಸಾದಾ ಬ್ಲೇಡನ್ನು ಉದ್ದಕ್ಕೆ ಎರಡಾಗಿ ಮುರಿದು ಒಂದು ತುಂಡು ಹಾಕುವಂಥದ್ದು. 150ರಿಂದ 300 ರೂಪಾಯಿಯೊಳಗೆ ಒಳ್ಳೆಯದೇ ಸಿಗುತ್ತದೆ, ಆದರೆ ಡಬ್ಬಿ ನೋಡಿ ತರಬಾರದು. ಜೇಬಿನಲ್ಲಿ ಒಂದು ಬ್ಲೇಡ್ ಇಟ್ಟುಕೊಂಡು ಹೋಗಿ, ಕೌಂಟರಿನಲ್ಲೇ ಹಾಕಿ ನೋಡಿ. ಬ್ಲೇಡಿನ ದಪ್ಪ 0.1 ಮಿಲಿಮೀಟರ್, ಉದ್ದ 43 ಮಿಲಿಮೀಟರ್. ಇಷ್ಟು ತೆಳ್ಳಗಿನದನ್ನು ಉಸ್ತ್ರಾದ ದವಡೆ ಉದ್ದಕ್ಕೂ ಒಂದೇ ಸಮ ಕಚ್ಚಬೇಕು. ದವಡೆ ಮುಚ್ಚಿ ಬೆಳಕಿಗೆ ಹಿಡಿಯಿರಿ. ನಡುವೆ ಸಂದು ಕಂಡರೆ ವಾಪಸ್ ಕೊಡಿ. ಅಂಥದ್ದರಲ್ಲಿ ಬ್ಲೇಡಿನ ತುದಿ ನಡುಗುತ್ತದೆ, ಗಡ್ಡದ ಮೇಲೆ ಎಳೆದಾಗ ಸರ್ರ್ ಎನ್ನುವ ಬದಲು ಕಿರ್ರ್ ಕಿರ್ರ್ ಎನ್ನುತ್ತದೆ. ಆ ಸದ್ದು ಬಂದ ಜಾಗದಲ್ಲಿ ಸ್ವಲ್ಪ ಹೊತ್ತಿಗೆ ಸಾಸಿವೆಯಷ್ಟು ರಕ್ತದ ಚುಕ್ಕೆಗಳು ಸಾಲಾಗಿ ಏಳುತ್ತವೆ. ಗಿರಾಕಿ ಬೈಯುವುದು ನಿಮ್ಮ ಕೈಯನ್ನು, ಉಸ್ತ್ರಾವನ್ನಲ್ಲ.

ಬ್ಲೇಡ್ ಹೊರಗೆ ಸುಮಾರು 1 ಮಿಲಿಮೀಟರ್ ಚಾಚಿದರೆ ಸಾಕು. ಹೆಚ್ಚು ಚಾಚಿದ್ದು ಗಡ್ಡದ ಗೆರೆ ತೆಗೆಯಲು ಚಂದ, ಹೊಸಬರಿಗೆ ಕಷ್ಟ. ಆಮೇಲೆ ಕೀಲು ನೋಡಿ: ಉಸ್ತ್ರಾ ಬಿಚ್ಚಿ ಅಡ್ಡ ಹಿಡಿದಾಗ ಹಿಡಿ ತಾನಾಗಿಯೇ ಜೋತು ಬೀಳಬಾರದು. ಸಡಿಲ ಕೀಲು ಬೆರಳಿನ ಮೇಲೇ ಮುಚ್ಚಿಕೊಳ್ಳುತ್ತದೆ. ಕಿರುಬೆರಳು ಊರಲು ಉಸ್ತ್ರಾದ ಹಿಂದೆ ಚಾಚಿದ ಬಾಲ ಬೇಕು. ಪ್ಲಾಸ್ಟಿಕ್ಕಿನದು ಬೇಡವೇ ಬೇಡ. ಹಗುರ ಇದ್ದಷ್ಟೂ ಕೈ ಒತ್ತುತ್ತದೆ, ಒತ್ತಿದಷ್ಟೂ ಗಾಯ.

ಬ್ಲೇಡನ್ನು ಕಾಗದದೊಳಗೆ ಇದ್ದಂತೆಯೇ ಉದ್ದಕ್ಕೆ ಮಡಚಿ ಮುರಿಯಿರಿ, ಬರಿಗೈಯಲ್ಲಿ ಬೇಡ. ಮುರಿಯುವುದು ಗಿರಾಕಿಯ ಕಣ್ಣೆದುರೇ ಆಗಬೇಕು, ಒಬ್ಬರಿಗೆ ಹಾಕಿದ ತುಂಡು ಇನ್ನೊಬ್ಬರಿಗಿಲ್ಲ. ಹೆಪಟೈಟಿಸ್ ಬಿ ವೈರಾಣು ದೇಹದ ಹೊರಗೆ ಕನಿಷ್ಠ 7 ದಿನ ಬದುಕಿರಬಲ್ಲದು. ಬ್ಲೇಡ್ ಬದಲಿಸಿದರೂ ಉಸ್ತ್ರಾದ ದವಡೆಯನ್ನು ಸ್ಪಿರಿಟ್‌ನಿಂದ ಒರೆಸಲೇಬೇಕು.

ಕೈ ಕೂರಲು ಬಲೂನು. ಊದಿ, ಸೋಪಿನ ನೊರೆ ಹಚ್ಚಿ, ಮೊದಲು ಬ್ಲೇಡ್ ಇಲ್ಲದೆ, ಆಮೇಲೆ ಬ್ಲೇಡ್ ಹಾಕಿ ನೊರೆ ತೆಗೆಯಿರಿ. ಅಲಗನ್ನು ಪೂರ್ತಿ ಮಲಗಿಸಿ, ನೆಟ್ಟಗೆ ನಿಲ್ಲುವುದರ ಮೂರನೇ ಒಂದು ಪಾಲು ಬೆನ್ನೆತ್ತಿದರೆ 30 ಡಿಗ್ರಿ. ಅದಕ್ಕಿಂತ ತೀರಾ ಮಲಗಿದರೆ ಕೂದಲು ಜಗ್ಗುತ್ತದೆ, ತೀರಾ ಎದ್ದರೆ ಚರ್ಮ ಕೆರೆಯುತ್ತದೆ. ಶ್ರಾವಣದಲ್ಲಿ ನಮ್ಮ ಕಡೆ ಬಹಳ ಮಂದಿ ಗಡ್ಡ ಮುಟ್ಟಿಸುವುದಿಲ್ಲ. ಕುರ್ಚಿ ಖಾಲಿ ಇರುವ ಆ ತಿಂಗಳು ಹತ್ತಿಪ್ಪತ್ತು ಬಲೂನು ಒಡೆದು ಕಲಿಯಲು ಒಳ್ಳೆಯ ಹೊತ್ತು.

ಉಸ್ತ್ರಾ ಸರಿಯಿದ್ದೂ ಗಡ್ಡ ಉರಿಯುತ್ತಿದ್ದರೆ ನೀರನ್ನು ಅನುಮಾನಿಸಿ. ಬೋರಿನ ಗಡಸು ನೀರಿನಲ್ಲಿ ನೊರೆ ನಿಲ್ಲುವುದಿಲ್ಲ, ಮೊಸರು ಒಡೆದಂತೆ ಆಗುತ್ತದೆ. ಬ್ರಷ್ ಅದ್ದಲು ಒಂದು ಲೋಟ ಫಿಲ್ಟರ್ ನೀರು ಬೇರೆ ಇಡಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟಿದಾಗ ಫ್ಯಾನ್ ಗಾಳಿಗೆ ನೊರೆ ಹಪ್ಪಳವಾಗುತ್ತದೆ. ಆಗ ಪೂರ್ತಿ ಮುಖಕ್ಕೆ ಹಚ್ಚದೆ ಒಂದು ಕೆನ್ನೆ ಮುಗಿಸಿ ಇನ್ನೊಂದಕ್ಕೆ ಹಚ್ಚಿ.

ಇದೇ ಗಡಸು ನೀರು ಮತ್ತು ಸೋಪು ಸೇರಿ ದವಡೆಯೊಳಗೆ ಬಿಳಿ ಪೊರೆ ಕಟ್ಟುತ್ತದೆ. ಹೊಸದಿದ್ದಾಗ ಸರಿಯಾಗಿ ಕಚ್ಚುತ್ತಿದ್ದ ಉಸ್ತ್ರಾ ಎರಡು ತಿಂಗಳಿಗೆ ಕಿರ್ರ್ ಎನ್ನಲು ಬಹಳ ಸಲ ಇದೇ ಕಾರಣ. ಮಂಗಳವಾರ ಅಂಗಡಿ ರಜೆಯ ದಿನ ದವಡೆ ಬಿಚ್ಚಿ, ಲಿಂಬೆ ರಸ ಹಚ್ಚಿ 5 ನಿಮಿಷ ಬಿಟ್ಟು, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಲಿಂಬೆ ಜಾಸ್ತಿ ಹೊತ್ತು ನಿಂತರೆ ಅಗ್ಗದ ಪಾಲಿಶ್ ಕಿತ್ತುಬರುತ್ತದೆ. ತೊಳೆದು, ಒರೆಸಿ, ಕೀಲಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಬಿಟ್ಟು, ಪೂರ್ತಿ ಒಣಗಿದ ಮೇಲೆ ಮಡಚಿ.