ಅಗಸೆ ಎಣ್ಣೆ ಥರ್ಮಾಮೀಟರ್: ಐಸ್ ಗುರುತು ಕೊನೆಗೂ ನಿಂತಿತು

ನಾನೇ ಮಾಡಿದ ಥರ್ಮಾಮೀಟರಿನ ಐಸ್ ಗುರುತು, ಅಂದರೆ ಐಸಿನಲ್ಲಿಟ್ಟಾಗ ಎಣ್ಣೆ ನಿಲ್ಲುವ ಜಾಗ, ಮೂರು ದಿನದಿಂದ ಕದಲಿಲ್ಲ. ಎರಡು ತಿಂಗಳಿಂದ ಇದಕ್ಕೇ ಕಾಯುತ್ತಿದ್ದೆ!

ನ್ಯೂಟನ್ 1701ರಲ್ಲಿ ಹೆಸರು ಹಾಕದೆ ಪ್ರಕಟಿಸಿದ ಬಿಸಿಯ ಅಳತೆ ಇದರದ್ದು. ಕರಗುವ ಹಿಮಕ್ಕೆ 0, ಮೈ ಬಿಸಿಗೆ 12, ಜೋರಾಗಿ ಕುದಿಯುವ ನೀರಿಗೆ 34. ಒಳಗಿರುವುದು ಪಾದರಸ ಅಲ್ಲ, ಅಗಸೆ ಎಣ್ಣೆ. ಹಿಮದಲ್ಲಿ 10,000 ಪಾಲು ಇದ್ದ ಎಣ್ಣೆ ಮೈ ಬಿಸಿಗೆ 10,256 ಆಗುತ್ತದೆ, ಕುದಿಯುವ ನೀರಲ್ಲಿ 10,725. ನನ್ನ ಥರ್ಮಾಮೀಟರಿನ ಬುಡದ ಗಾಜಿನ ಬಲ್ಬ್ 10 ಮಿ.ಲೀ., ನಳಿಗೆಯ ಒಳಗಿನ ಅಗಲ 2 ಮಿ.ಮೀ. ಅಂದರೆ 0ಯಿಂದ 34ಕ್ಕೆ ಎಣ್ಣೆ ಸುಮಾರು 23 ಸೆಂ.ಮೀ. ಏರಬೇಕು. ಬಲ್ಬ್ ಊದುವುದು, ಎಣ್ಣೆ ತುಂಬುವುದು ನಿಮಗೆಲ್ಲ ಗೊತ್ತಿರುವ ಕೆಲಸ, ಬಿಡಿ.

ತೊಂದರೆ ಶುರುವಾಗಿದ್ದು ಆಮೇಲೆ. ಪ್ರತಿ ಸಲ ಕಾಯಿಸಿ ಮತ್ತೆ ಐಸಿಗೆ ಇಟ್ಟಾಗಲೂ ಎಣ್ಣೆ ಹಿಂದಿನ ಗುರುತಿಗಿಂತ ಕೆಳಗೆ ನಿಲ್ಲುತ್ತಿತ್ತು. ಒಂದು ವಾರದಲ್ಲಿ 9 ಮಿ.ಮೀ. ಇಳಿಯಿತು. ಬಲ್ಬ್ ಸೋರುತ್ತಿದೆ ಅಂದುಕೊಂಡು ಬೆಸುಗೆಯನ್ನೆಲ್ಲ ತಡಕಾಡಿದೆ. ಕೊನೆಗೆ ನಳಿಗೆಯನ್ನು ಕಿಟಕಿ ಬೆಳಕಿಗೆ ಹಿಡಿದಾಗ ಕಂಡಿತು: ಗಾಜಿನ ಒಳಗೋಡೆಗೆ ಹಳದಿ ಪೊರೆ. ತಂತಿಯಲ್ಲಿ ಕೆರೆದರೆ ಹಲಸಿನ ಮೇಣದ ಹಾಗೆ ಎಳೆಎಳೆಯಾಗಿ ಬಂತು. ಎಣ್ಣೆ ಗೋಡೆಗೆ ಅಂಟಿ ಅಲ್ಲೇ ಒಣಗುತ್ತಿತ್ತು, ಕೆಳಗೆ ಉಳಿದದ್ದು ಕಡಿಮೆಯಾಗುತ್ತಿತ್ತು.

ಪೇಂಟ್ ಅಂಗಡಿಯವರನ್ನು ನಾನು ಕಲಬೆರಕೆ ಇಲ್ಲದ್ದು ಅಂತ ಎರಡು ಸಲ ಕೇಳಿಯೇ ತಂದಿದ್ದೆ. ಕೊಟ್ಟಿದ್ದು ಬೇಗ ಒಣಗಲಿ ಅಂತ ಡ್ರೈಯರ್ ಬೆರೆಸಿದ ಎಣ್ಣೆ. ಬಾಗಿಲಿಗೆ ಬಳಿಯಲು ಒಳ್ಳೆಯದು, ಥರ್ಮಾಮೀಟರಿಗೆ ವಿಷ. ಡಬ್ಬಿ ಮೇಲೆ ಒಂದು ಮಾತೂ ಬರೆದಿರಲಿಲ್ಲ.

ಆಗಲೇ ಫ್ರೆಂಚ್ ವಿಜ್ಞಾನಿ ರೇಯೋಮರ್ ನೆನಪಾಗಿದ್ದು. 1730ರ ಅವರ ಥರ್ಮಾಮೀಟರಿನಲ್ಲಿ ಇರುವುದು ನೀರು ಬೆರೆಸಿದ ಆಲ್ಕೋಹಾಲ್. ಗಾಜಿನಿಂದ ಎಷ್ಟು ಬೇಗ ಇಳಿಯುತ್ತದೆ ಅಲ್ವಾ! ಮುಂದಿನದು ಅದೇ, ನಳಿಗೆ ಆಗಲೇ ತೆಗೆದಿಟ್ಟಿದ್ದೇನೆ.

ಈಗ ಗಾಣದ ಹಸಿ ಅಗಸೆ ಎಣ್ಣೆ ತಂದು, ಗುಳ್ಳೆ ಹೋಗುವ ತನಕ ಕಾಯಿಸಿ ತುಂಬಿದೆ. ಗಾಳಿ ಸೇರದ ಹಾಗೆ ತುದಿ ಮುಚ್ಚಿದೆ. ಬಿಸಿಯಿಂದ ನೇರ ಐಸಿಗೆ ಹಾಕಿದರೆ ಇದೂ 4 ಮಿ.ಮೀ. ಕೆಳಗೇ ನಿಲ್ಲುತ್ತದೆ, ಆದರೆ ಮುಕ್ಕಾಲು ಗಂಟೆಯಲ್ಲಿ ಗೋಡೆಗೆ ಅಂಟಿದ ಎಣ್ಣೆ ಇಳಿದು ಗುರುತಿಗೆ ಬರುತ್ತದೆ. ನಿಧಾನವಾಗಿ ಆರಿಸಿದರೆ ಆ ಕಾಟವೂ ಇಲ್ಲ. ಕಂಕುಳಲ್ಲಿ ಇಟ್ಟುಕೊಂಡೆ. ಲೆಕ್ಕದ ಪ್ರಕಾರ 81 ಮಿ.ಮೀ. ಏರಬೇಕು, 80 ಏರಿತು. ಖುಷಿಗೆ ಮನೆಯವರನ್ನೆಲ್ಲ ಕರೆದು ತೋರಿಸಿದೆ.

34 ಮಾತ್ರ ಇನ್ನೂ ಹಾಕಿಲ್ಲ. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ನೀರು ಸುಮಾರು 97 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ, 100ಕ್ಕೆ ಕುದಿಯಬೇಕಾದರೆ ಸಮುದ್ರ ಮಟ್ಟಕ್ಕೆ ಇಳಿಯಬೇಕು. ದೀಪಾವಳಿಗೆ ಮಂಗಳೂರಿನ ಅಕ್ಕನ ಮನೆಗೆ ಹೋಗುವಾಗ ಇದನ್ನೂ ಹತ್ತಿಯಲ್ಲಿ ಸುತ್ತಿ ಒಯ್ಯುತ್ತೇನೆ.