ರಾಮಾಯಣ ಸೀರಿಯಲ್‌ನಲ್ಲಿ ನಿಮಗೆ ಯಾರು ಇಷ್ಟ ಅಂತ ಕೇಳುವವರಿಗೆ

ಅಕ್ಕಲಕೋಟ ಸುತ್ತಲಿನ ಕನ್ನಡ ಶಾಲೆಗಳಲ್ಲಿ ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವ, ಹತ್ತಿರ ಬಂತೆಂದರೆ ಮಕ್ಕಳಿಗೆ ನಾಟಕ ಕಲಿಸಲು ನನ್ನನ್ನು ಕರೆಯುತ್ತಾರೆ. ತಾಲೀಮು ಮುಗಿದ ಮೇಲೆ ಮಾಸ್ತರರು, ಪಾಲಕರು, ಊರಿನ ಹಳೆಯ ಪಾತ್ರಧಾರಿಗಳು ಎಲ್ಲ ಚಹಾಕ್ಕೆ ಕೂಡುತ್ತಾರೆ. ಮಾತು ಎಲ್ಲೆಲ್ಲೋ ಹೋಗಿ ಕೊನೆಗೆ ಟಿವಿ ರಾಮಾಯಣಕ್ಕೆ ಬಂದು ನಿಲ್ಲುತ್ತದೆ. ಆಗ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: "ಅದರಾಗ ನಿಮಗ ಯಾರ ಪಾರ್ಟು ಭಾಳ ಸೇರ್ತದ್ರಿ ಸರ?"

ಮಂಥರೆ. ಅಂದರೆ ಮಂಥರೆಯ ಪಾತ್ರ ಮಾಡಿದ ಲಲಿತಾ ಪವಾರ್.

ರಾಮ ಅಂದಿದ್ದರೆ ಒಪ್ಪುತ್ತಿದ್ದರು, ದಾರಾ ಸಿಂಗ್ ಅವರ ಹನುಮಂತ ಅಂದರೆ ಖುಷಿಪಡುತ್ತಿದ್ದರು, ಅರವಿಂದ ತ್ರಿವೇದಿಯವರ ರಾವಣ ಅಂದರೂ ತಲೆದೂಗುತ್ತಿದ್ದರು. ಮಂಥರೆ ಅಂದ ಕೂಡಲೇ ಇನ್ನೊಂದು ಪ್ರಶ್ನೆ ಬರುತ್ತದೆ, "ಆ ಗೂನು ಬೆನ್ನಿನ ಮುದುಕೀನಾ? ಯಾಕ್ರೀ?" ಈ ಯಾಕೆಗೆ ಚಹಾ ಆರುವಷ್ಟರಲ್ಲಿ ಉತ್ತರ ಹೇಳಿ ಮುಗಿಸಲು ಆಗುವುದಿಲ್ಲ. ಅದಕ್ಕೇ ಒಮ್ಮೆ ಕೂತು ಪೂರ್ತಿ ಬರೆಯುತ್ತಿದ್ದೇನೆ.

ಆಗ ಹುಟ್ಟಿರದವರಿಗೆ ಸ್ವಲ್ಪ ಹಿನ್ನೆಲೆ. ರಾಮಾನಂದ ಸಾಗರ್ ಅವರ ರಾಮಾಯಣ ದೂರದರ್ಶನದಲ್ಲಿ ಶುರುವಾದದ್ದು 1987ರ ಜನವರಿ 25ಕ್ಕೆ. ಪ್ರತಿ ರವಿವಾರ ಬೆಳಿಗ್ಗೆ 9.30ಕ್ಕೆ ಬರುತ್ತಿತ್ತು. 78 ಕಂತು, 1988ರ ಜುಲೈ ತನಕ. 2020ರ ಲಾಕ್‌ಡೌನ್‌ನಲ್ಲಿ ಮತ್ತೆ ಹಾಕಿದರಲ್ಲ, ಈಗಿನ ಹುಡುಗರು ನೋಡಿದ್ದು ಅದನ್ನು.

ನಾವು ನೋಡಿದ್ದು ಮೊದಲ ಸಲ ಬಂದಾಗ. ನಮ್ಮ ಓಣಿಯಲ್ಲಿ ಟಿವಿ ಇದ್ದದ್ದು ಒಂದೇ ಮನೆಯಲ್ಲಿ. ಕಪ್ಪು ಬಿಳುಪು ಟಿವಿ. ಕರೆಂಟು ಹೋದರೆ ಇರಲಿ ಅಂತ ಟ್ರ್ಯಾಕ್ಟರ್ ಬ್ಯಾಟರಿ ತಂದು ಪಕ್ಕಕ್ಕೆ ಇಡುತ್ತಿದ್ದರು. ಆಂಟೆನಾ ತಿರುಗಿಸಲು ಒಬ್ಬ ಹುಡುಗ ಮಾಳಿಗೆ ಮೇಲೆ. ಒಳಗೆ ಹೆಂಗಸರು ತಲೆ ಮೇಲೆ ಸೆರಗು ಹೊದ್ದು ಕೂತಿರುತ್ತಿದ್ದರು, ಗುಡಿಯಲ್ಲಿ ಕೂತ ಹಾಗೆ. ಟಿವಿಗೆ ಊದುಬತ್ತಿ ಬೆಳಗುತ್ತಿದ್ದರು. ಚಪ್ಪಲಿ ಹೊರಗೆ.

ಸೀರಿಯಲ್ ಹಿಂದಿಯಲ್ಲಿ. ಗಡಿಯ ಊರು ನೋಡಿ, ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಹಾಗಾಗಿ ನಮ್ಮಂಥ ಹುಡುಗರಿಗೆ ಹಿಂದಿ ಹೇಗೋ ತಿಳಿಯುತ್ತಿತ್ತು. ನಮ್ಮ ಆಯಿಗೆ, ಅಂದರೆ ಅಜ್ಜಿಗೆ, ಮಾತ್ರ ಕನ್ನಡ ಬಿಟ್ಟು ಬೇರೆ ಬರುತ್ತಿರಲಿಲ್ಲ. ನಾನು ಪಕ್ಕದಲ್ಲಿ ಕೂತು ವಸಿಷ್ಠರು ಏನಂದರು, ದಶರಥ ಏನಂದ ಅಂತ ಕಿವಿಯಲ್ಲಿ ಹೇಳುತ್ತಿದ್ದೆ. ಮಂಥರೆ ಬಂದ ಕಂತುಗಳಲ್ಲಿ ಆಯಿ ಕೈಯಿಂದಲೇ ಸುಮ್ಮನಿರು ಅಂತ ಸನ್ನೆ ಮಾಡಿದಳು. ಅವಳಿಗೆ ಎಲ್ಲ ತಿಳಿಯುತ್ತಿತ್ತು. ಆ ಮುಖ, ಆ ದನಿಯ ಏರಿಳಿತ, ಆ ಕೈ. ಭಾಷೆ ಬೇಕಾಗಲೇ ಇಲ್ಲ. ನಾಟಕದವನಾಗಿ ನಾನು ಮೊದಲು ನೆನೆಯುವುದು ಇದನ್ನೇ.

ಆ ಸನ್ನಿವೇಶ ನಿಮಗೆ ನೆನಪಿರಬಹುದು. ರಾಮನಿಗೆ ಪಟ್ಟ ಅಂತ ಅಯೋಧ್ಯೆಯಲ್ಲಿ ಸಡಗರ. ಕೈಕೇಯಿಗೂ ಮೊದಲು ಸಂತೋಷವೇ, ಅವಳಿಗೆ ರಾಮ ಬೇರೆ ಭರತ ಬೇರೆ ಅಲ್ಲ. ಅಂಥವಳ ಮನಸ್ಸನ್ನು ಒಂದು ರಾತ್ರಿಯೊಳಗೆ ತಿರುಗಿಸಬೇಕು. ಇದು ಎಷ್ಟು ಕಷ್ಟದ ಕೆಲಸ ಅಂತ ರಂಗದ ಮೇಲೆ ಮಾಡಿಸಿದವರಿಗೆ ಗೊತ್ತು. ನಮ್ಮ ಕಡೆ ಬಯಲಾಟಗಳಲ್ಲಿ ಮಂಥರೆ ಅಂದರೆ ಬರುತ್ತಲೇ ಹಲ್ಲು ಕಿರಿಯುತ್ತಾಳೆ, ಕಣ್ಣು ತಿರುಗಿಸುತ್ತಾಳೆ, ಜನ ನಗುತ್ತಾರೆ. ಹಾಗೆ ಮಾಡಿದರೆ ಕೈಕೇಯಿ ಯಾಕೆ ಅವಳ ಮಾತು ಕೇಳಿದಳು ಅನ್ನುವುದೇ ನಂಬಿಕೆಗೆ ಬರುವುದಿಲ್ಲ. ಲಲಿತಾ ಪವಾರ್ ಹಾಗೆ ಮಾಡಲಿಲ್ಲ. ಮಂಥರೆ ಕೈಕೇಯಿಯ ತವರಿನಿಂದ ಜೊತೆಗೆ ಬಂದ ದಾಸಿ ಅನ್ನುವುದನ್ನು ಅವರು ಗಟ್ಟಿಯಾಗಿ ಹಿಡಿದುಕೊಂಡರು. ಪರ ಊರಿನ ಅರಮನೆ. ಅಲ್ಲಿ ಮಂಥರೆಗೆ ತನ್ನವಳು ಅಂತ ಇರುವುದು ಕೈಕೇಯಿ ಒಬ್ಬಳೇ. ಇವಳ ಕೈ ಕೆಳಗಾದರೆ ತನಗೆ ಜಾಗವೇ ಇಲ್ಲ. ಆ ಭಯ ಅವರ ಕಣ್ಣಲ್ಲಿ ಕಾಣುತ್ತದೆ. ಬೈಯುತ್ತಾರೆ, ಆಮೇಲೆ ದನಿ ಇಳಿಸಿ ಮುದ್ದು ಮಾಡಿದ ಹಾಗೆ ಮಾತಾಡುತ್ತಾರೆ, ಸಿಟ್ಟಾದ ಹಾಗೆ ಹೊರಡುತ್ತಾರೆ, ಮತ್ತೆ ತಿರುಗುತ್ತಾರೆ. ನೋಡುತ್ತ ಕೂತವರಿಗೆ, ಇವಳು ಹೇಳುವುದರಲ್ಲೂ ಏನೋ ಇದೆ ಅಲ್ವಾ ಅನ್ನಿಸಿ ಒಳಗೆ ದಿಗಿಲಾಗುತ್ತದೆ. ಪದ್ಮಾ ಖನ್ನಾ ಅವರ ಕೈಕೇಯಿ ನಂಬುವುದಕ್ಕೆ ಮೊದಲೇ ನಾವು ಅರ್ಧ ನಂಬಿರುತ್ತೇವೆ.

ಅವತ್ತು ಟಿವಿ ಮುಂದೆ ಕೂತ ಹೆಂಗಸರು ಲಟಿಕೆ ಮುರಿದು ಶಾಪ ಹಾಕಿದರು. "ಇಕಿ ಬಾಯಾಗ ಮಣ್ಣ ಬೀಳ್ಲಿ" ಅಂದರು. ನಮ್ಮ ಆಯಿ ಒಬ್ಬಳೇ ಶಾಪ ಹಾಕಲಿಲ್ಲ. ಮನೆಗೆ ಬರುವಾಗ ದಾರಿಯಲ್ಲಿ ಅಂದಳು, "ಆಕೀ ಬಾಳೇನೂ ನೋಡಬೇಕಲ್ಲೋ ತಮ್ಮಾ. ತಾ ಎತ್ತಿ ಆಡಿಸಿದ ಕೂಸಿನ ಸಲುವಾಗಿ ಸಾಯ್ತಾಳ." ಓದು ಬರಹ ಬಾರದ ಮುದುಕಿ ಅಷ್ಟು ಹೇಳಬೇಕಾದರೆ ಅದರಲ್ಲಿ ಆ ನಟಿಯ ಪಾಲು ದೊಡ್ಡದು.

ಮುಂದೆ ಕಾಲೇಜಿಗೆ ಹೋದಾಗ ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಕೈಗೆ ಸಿಕ್ಕಿತು. ಅದರಲ್ಲಿ ಒಂದು ಸಂಚಿಕೆಯ ಹೆಸರು ‘ಮಮತೆಯ ಸುಳಿ ಮಂಥರೆ’. ಆ ಹೆಸರು ಓದಿದ ಕೂಡಲೇ ನನಗೆ ಕಂಡದ್ದು ಲಲಿತಾ ಪವಾರ್ ಮುಖ. ಕುವೆಂಪು ಅವರ ಮಂಥರೆ ಬೇರೆ, ಸೀರಿಯಲ್ಲಿನ ಮಂಥರೆ ಬೇರೆ, ಗೊತ್ತು. ಸೀರಿಯಲ್ ಜಾಸ್ತಿ ತುಳಸಿದಾಸರ ದಾರಿ ಹಿಡಿದದ್ದು. ಆದರೆ ಪ್ರೀತಿಯೇ ಸುಳಿಯಾಗಿ ಇಡೀ ಮನೆಯನ್ನು ಒಳಗೆ ಎಳೆದುಕೊಳ್ಳುತ್ತದೆ ಅನ್ನುವುದನ್ನು ನಾನು ಓದುವ ಮೊದಲೇ ಆ ಚಿಕ್ಕ ಪರದೆಯ ಮೇಲೆ ನೋಡಿದ್ದೆ.

ಇನ್ನು ಲಲಿತಾ ಪವಾರ್ ಅವರ ಆ ಸಣ್ಣಗಾದ ಎಡಗಣ್ಣಿನ ವಿಷಯ. ಇದನ್ನು ಹೇಳದಿದ್ದರೆ ನನ್ನ ಉತ್ತರ ಅರ್ಧವೇ. ನಮ್ಮ ಹುಡುಗರೆಲ್ಲ ಒಂದು ಕಣ್ಣು ಸಣ್ಣದು ಮಾಡಿ ಅವರ ಅಣಕ ಮಾಡುತ್ತ ಓಣಿ ತುಂಬ ಓಡುತ್ತಿದ್ದರು. ನಮ್ಮ ಕಾಕಾ ಸೊಲ್ಲಾಪುರದ ಗಿರಣಿಯಲ್ಲಿ ಕೆಲಸಕ್ಕಿದ್ದರು. ಪಾಳಿ ಮುಗಿಸಿ ಟಾಕೀಸಿಗೆ ಹೋಗುವ ರೂಢಿ, ಹಳೆಯ ಹಿಂದಿ ಮರಾಠಿ ಸಿನಿಮಾ ಒಂದೂ ಬಿಟ್ಟವರಲ್ಲ. ಅವರು ಹುಡುಗರನ್ನೆಲ್ಲ ಕಟ್ಟೆಯ ಮೇಲೆ ಕೂರಿಸಿ ಹೇಳಿದರು, ಅದು ವೇಷ ಅಲ್ಲ, ನೋವು ಅಂತ.

ನಡೆದದ್ದು ಇಷ್ಟು. 1942ರಲ್ಲಿ ಒಂದು ಸಿನಿಮಾದ ಶೂಟಿಂಗ್‌ನಲ್ಲಿ ನಟ ಭಗವಾನ್ ದಾದಾ ಇವರ ಕೆನ್ನೆಗೆ ಹೊಡೆಯುವ ದೃಶ್ಯ ಇತ್ತು. ಏಟು ಜೋರಾಗಿ ಬಿತ್ತು. ಮುಖದ ಒಂದು ಭಾಗಕ್ಕೆ ಲಕ್ವ ಹೊಡೆಯಿತು, ಎಡಗಣ್ಣಿನ ನರ ಹರಿಯಿತು. ಸುಮಾರು 3 ವರ್ಷ ಚಿಕಿತ್ಸೆ. ಕೊನೆಗೂ ಕಣ್ಣು ಮೊದಲಿನಂತೆ ಆಗಲಿಲ್ಲ. ಆಗ ಅವರಿಗೆ ಇನ್ನೂ 30 ಆಗಿರಲಿಲ್ಲ. ಅದಕ್ಕೂ ಮೊದಲು ಅವರು ನಾಯಕಿ. ನಾಸಿಕ ಜಿಲ್ಲೆಯ ಯೇವಲಾದಲ್ಲಿ, ಪೈಠಣಿ ಸೀರೆಗೆ ಹೆಸರಾದ ಊರಲ್ಲಿ, 1916ರಲ್ಲಿ ಹುಟ್ಟಿದವರು. ಸಿನಿಮಾಕ್ಕೆ ಮಾತೇ ಬಂದಿರದ ಕಾಲದಲ್ಲಿ, ಇನ್ನೂ ಹುಡುಗಿ ಇದ್ದಾಗ, ಪರದೆಗೆ ಬಂದವರು. 1932ರಲ್ಲೇ ‘ಕೈಲಾಸ್’ ಅನ್ನುವ ಮೂಕಿ ಚಿತ್ರದ ನಿರ್ಮಾಣದಲ್ಲೂ ಕೈ ಹಾಕಿದವರು. ಅಂಥವರಿಗೆ ಒಂದೇ ಏಟಿಗೆ ನಾಯಕಿಯ ಬಾಗಿಲು ಮುಚ್ಚಿತು.

ಕಾಕಾ ಇಷ್ಟು ಹೇಳಿದ ಮೇಲೆ ನಮ್ಮ ಓಣಿಯಲ್ಲಿ ಆ ಅಣಕ ನಿಂತಿತು.

ಬೇರೆಯವರಾಗಿದ್ದರೆ ಮನೆ ಹಿಡಿಯುತ್ತಿದ್ದರು. ಇವರು ವಾಪಸ್ ಬಂದರು, ಅತ್ತೆಯಾಗಿ, ಮಲತಾಯಿಯಾಗಿ, ಮನೆಯ ಯಜಮಾನಿಯಾಗಿ. 1950ರಲ್ಲಿ ನಿರ್ದೇಶಕ ವಿ. ಶಾಂತಾರಾಮ್ ಅವರ ‘ದಹೇಜ್’ ಬಂತು, ವರದಕ್ಷಿಣೆಯ ಕಥೆ, ಇವರು ಅದರಲ್ಲಿ ಅತ್ತೆ. ಅಂಥ ಪಾತ್ರಗಳು ಎಷ್ಟು ಬಂದವೆಂದರೆ ನಮ್ಮ ಕಡೆ ಇವತ್ತಿಗೂ ಸೊಸೆಗೆ ಕಾಟ ಕೊಡುವ ಅತ್ತೆಗೆ "ಲಲಿತಾ ಪವಾರ್ ಇದ್ದಾಂಗ ಅದಾಳ" ಅನ್ನುತ್ತಾರೆ. ಇದು ನನಗೆ ಬೇಸರ ತರಿಸುವ ಮಾತು. ಪಾತ್ರ ಅಷ್ಟು ಚೆನ್ನಾಗಿ ಮಾಡಿದ್ದಕ್ಕೆ ಅವರ ಹೆಸರೇ ಬೈಗುಳವಾಯಿತು. ಅವರ ಇನ್ನೊಂದು ಮುಖ ನೋಡಿದವರು ಹಾಗೆ ಅನ್ನಲಾರರು.

ಆ ಇನ್ನೊಂದು ಮುಖ ನೋಡಬೇಕೆಂದರೆ 1959ರ ‘ಅನಾಡಿ’ ನೋಡಿ. ಹೃಷಿಕೇಶ್ ಮುಖರ್ಜಿ ನಿರ್ದೇಶನದ್ದು. ರಾಜ್ ಕಪೂರ್ ಬಾಡಿಗೆಗೆ ಇರುವ ಮನೆಯ ಒಡತಿ ಮಿಸೆಸ್ ಡಿಸಾ ಇವರ ಪಾತ್ರ. ಬಾಯಿ ಜೋರು, ಬಾಡಿಗೆ ಕೇಳಿ ಬೈಯುತ್ತಾಳೆ, ಆದರೆ ಹುಡುಗ ಹಸಿದಿದ್ದಾನೆ ಅಂತ ಗೊತ್ತಾದರೆ ತಡೆಯಲಾರಳು. ಈ ಪಾತ್ರಕ್ಕೆ ಅವರಿಗೆ ಪೋಷಕ ನಟಿಯ ಫಿಲ್ಮ್‌ಫೇರ್ ಪ್ರಶಸ್ತಿ ಬಂತು. 1961ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿಯೂ ಬಂತು. ನನಗೆ ಹಿಡಿಸುವ ಒಂದು ಸಂಗತಿ ಹೇಳುತ್ತೇನೆ, 1971ರಲ್ಲಿ ಅದೇ ಹೃಷಿಕೇಶ್ ಮುಖರ್ಜಿ ‘ಆನಂದ್’ ಮಾಡಿದಾಗ ಆಸ್ಪತ್ರೆಯ ಮೇಟ್ರನ್, ಅಂದರೆ ಮುಖ್ಯ ನರ್ಸ್, ಪಾತ್ರ ಇವರಿಗೇ ಕೊಟ್ಟರು, ಆ ಮೇಟ್ರನ್ ಹೆಸರೂ ಡಿಸಾ. ಸಿಡುಕುವ ಮುಖ, ಒಳಗೆ ತಾಯಿ. ಅದೇ ಕಣ್ಣು ನೋಡಿ. ದಹೇಜ್‌ನಲ್ಲಿ ಆ ಕಣ್ಣಿಗೆ ಹೆದರುತ್ತೇವೆ, ಇಲ್ಲಿ ಆ ಕಣ್ಣು ನೋಡಿ ಗಂಟಲು ತುಂಬುತ್ತದೆ. ಗಾಯವನ್ನು ಮುಚ್ಚಿಡಲು ಅವರು ಹೋಗಲಿಲ್ಲ, ಅದನ್ನೇ ದುಡಿಸಿಕೊಂಡರು.

ಹೀಗೆ ದುಡಿಯುತ್ತ ದುಡಿಯುತ್ತ 70ರ ವಯಸ್ಸಿಗೆ ಬಂದಾಗ ಸಿಕ್ಕದ್ದು ಮಂಥರೆ. ನೂರಾರು ಸಿನಿಮಾ ಮಾಡಿದವರಿಗೆ ಟಿವಿಯಲ್ಲಿ ಕೆಲವೇ ಕಂತುಗಳ ಪಾತ್ರ. ಆ ವಯಸ್ಸಲ್ಲಿ ಬೆನ್ನು ಬಾಗಿಸಿಕೊಂಡು ನಡೆಯುವುದು, ಬಾಗಿದ ಹಾಗೆಯೇ ಮುಖ ಮೇಲೆತ್ತಿ ಮಾತಾಡುವುದು. ನೀವೇ ಮನೆಯಲ್ಲಿ ಮಾಡಿ ನೋಡಿ, ಕುತ್ತಿಗೆ ಹಿಡಿಯುತ್ತದೆ, ಉಸಿರು ಸಾಲುವುದಿಲ್ಲ. ಆದರೂ ಅವರ ಒಂದು ಮಾತೂ ಅರ್ಧಕ್ಕೆ ನುಂಗಿಹೋಗುವುದಿಲ್ಲ, ಪ್ರತಿಯೊಂದು ಸ್ಪಷ್ಟ. ಮಕ್ಕಳಿಗೆ ನಾನು ಇದನ್ನು ಮತ್ತೆ ಮತ್ತೆ ತೋರಿಸುತ್ತೇನೆ. ಮೊಬೈಲ್‌ನಲ್ಲಿ ಆ ತುಣುಕು ಹಾಕಿ, ಮೊದಲು ಶಬ್ದ ಬಂದ್ ಮಾಡಿ ನೋಡಿಸುತ್ತೇನೆ, ಆಮೇಲೆ ಕಣ್ಣು ಮುಚ್ಚಿಸಿ ಬರೀ ದನಿ ಕೇಳಿಸುತ್ತೇನೆ. ಎರಡೂ ಸಲ ಮಕ್ಕಳಿಗೆ ಕಥೆ ತಿಳಿಯುತ್ತದೆ. ನಮ್ಮ ಆಯಿಗೆ ತಿಳಿದಂತೆ.

ಇನ್ನೊಂದು ಕಾರಣವೂ ಇದೆ. ಪ್ರತಿ ಗ್ಯಾದರಿಂಗ್‌ನಲ್ಲಿ ರಾಮನ ಪಾತ್ರಕ್ಕೆ ಜಗಳ, ಸೀತೆಯ ಪಾತ್ರಕ್ಕೆ ಅಳು. ಮುದುಕಿಯ ಪಾತ್ರ ಕೊಟ್ಟರೆ ಹುಡುಗಿಯ ಮುಖ ಬಾಡುತ್ತದೆ, ಮರುದಿನ ಅವಳ ಅವ್ವ ಬಂದು "ನಮ್ಮ ಹುಡುಗಿಗ ಬ್ಯಾರೆ ಕೊಡ್ರಿ ಸರ" ಅನ್ನುತ್ತಾಳೆ. ಆ ತಾಯಿಯನ್ನೂ ಕೂರಿಸಿ ಅದೇ ತುಣುಕು ತೋರಿಸುತ್ತೇನೆ. ಮಂಥರೆ ಸರಿಯಾಗಿ ಮಾಡದಿದ್ದರೆ ರಾಮ ಕಾಡಿಗೆ ಹೋಗುವುದೇ ಇಲ್ಲ, ಉಳಿದ ಕಥೆ ನಡೆಯುವುದೇ ಇಲ್ಲ ಅನ್ನುತ್ತೇನೆ. ಸುಮ್ನೆ ಸಮಾಧಾನಕ್ಕೆ ಹೇಳುವ ಮಾತಲ್ಲ ಇದು. ಇಡೀ ಅಯೋಧ್ಯಾಕಾಂಡ ಆ ಒಂದು ಕೋಣೆಯ ಮಾತುಕತೆಯ ಮೇಲೆ ನಿಂತಿದೆ, ಆ ಮಾತುಕತೆ ನಿಂತಿರುವುದು ಒಬ್ಬ ಮುದುಕಿಯ ನಟನೆಯ ಮೇಲೆ.

ಲಲಿತಾ ಪವಾರ್ 1998ರ ಫೆಬ್ರುವರಿ 24ರಂದು ಪುಣೆಯಲ್ಲಿ ತೀರಿಕೊಂಡರು. ಆಗ ನಮ್ಮ ಆಯಿ ಇರಲಿಲ್ಲ. ಕಾಕಾ ಇದ್ದರು. ಮರಾಠಿ ಪೇಪರಿನಲ್ಲಿ ಬಂದ ಅವರ ಫೋಟೊ ಕತ್ತರಿಸಿ ಕಪಾಟಿನ ಒಳಬಾಗಿಲಿಗೆ ಅಂಟಿಸಿದ್ದರು.

ಯಾವುದರಿಂದ ಶುರು ಮಾಡಬೇಕು ಅಂತಲೂ ಕೆಲವರು ಕೇಳುತ್ತಾರೆ. ಮೊದಲು ‘ಅನಾಡಿ’ ನೋಡಿ, ಮಿಸೆಸ್ ಡಿಸಾ ಮನಸ್ಸಿನಲ್ಲಿ ಕೂರಲಿ. ಆಮೇಲೆ ‘ಶ್ರೀ 420’ರಲ್ಲಿ ಬಾಳೆಹಣ್ಣು ಮಾರುವ ಗಂಗಾಮಾಯಿಯಾಗಿ ರಾಜ್ ಕಪೂರ್ ಜೊತೆ ಅವರು ಮಾಡುವ ಚೌಕಾಸಿ ನೋಡಿ. ನಗಬೇಕು ಅನ್ನಿಸಿದರೆ 1962ರ ‘ಪ್ರೊಫೆಸರ್’ ಇದೆ, ಮುದುಕನ ವೇಷದಲ್ಲಿ ಬಂದ ಶಮ್ಮಿ ಕಪೂರ್‌ಗೆ ಆ ಬಿಗಿ ಹೆಂಗಸು ಮನಸ್ಸು ಕೊಡುವುದನ್ನು ನೋಡಿ, ನಾಚಿಕೆಯನ್ನೂ ಎಷ್ಟು ಚೆಂದ ಮಾಡಿದ್ದಾರೆ ಅಂತ ತಿಳಿಯುತ್ತದೆ. ಮಂಥರೆಯ ಕಂತುಗಳನ್ನು ಕೊನೆಗೆ ಇಟ್ಟುಕೊಳ್ಳಿ. ಮನೆಯಲ್ಲಿ ಹಿಂದಿ ಬಾರದ ಹಿರಿಯರಿದ್ದರೆ ಅವರನ್ನೂ ಜೊತೆಗೆ ಕೂರಿಸಿಕೊಂಡು ನೋಡಿ. ನಡುವೆ ಅರ್ಥ ಹೇಳಲು ಹೋಗಬೇಡಿ.