ಎರಡೇ ದಿನಕ್ಕೆ ಅಷ್ಟು ದೂರ ಯಾಕೆ ಹೋಗ್ತೀಯ?

ಕೋಲ್ಕತ್ತಾದಿಂದ ಬಂದ ಮೇಲೆ ಈ ಪ್ರಶ್ನೆಯನ್ನು ಎಷ್ಟು ಜನ ಕೇಳಿದರೋ ಲೆಕ್ಕವಿಲ್ಲ. ಆಫೀಸಿನಲ್ಲಿ ಕೇಳಿದರು, ಊರಿಗೆ ಹೋದಾಗ ಚಿಕ್ಕಮ್ಮ ಕೇಳಿದರು. "ಹೋಗ್ತಾ ಬರ್ತಾ ರೈಲಲ್ಲೇ ಅಷ್ಟು ಹೊತ್ತು ಕಳೆದೆ, ಅಲ್ಲಿದ್ದಿದ್ದು ಎರಡೇ ದಿನ, ಅದೂ ಒಬ್ಬಳೇ. ಏನು ನೋಡಿದ ಹಾಗಾಯ್ತೇ?" ಅಂತ. ಅವರ ತಪ್ಪಿಲ್ಲ ಬಿಡಿ. ವಿಕ್ಟೋರಿಯಾ ಮೆಮೋರಿಯಲ್ ನೋಡಲಿಲ್ಲ, ಮ್ಯೂಸಿಯಂಗೆ ಹೋಗಲಿಲ್ಲ, ಕಾಳಿಘಾಟ್‌ಗೂ ಹೋಗಲಿಲ್ಲ ಅಂದರೆ ಯಾರಿಗಾದರೂ ಹಾಗೇ ಅನಿಸುತ್ತೆ.

ದಿನ ಎರಡೇ ಇದ್ದು, ಕೈಯಲ್ಲಿ ದುಡ್ಡೂ ಕಡಿಮೆ ಇದ್ದಾಗ ನಾನು ಆ ಊರಿನಲ್ಲಿ ಒಂದೇ ಒಂದನ್ನು ಹಿಡಿದುಕೊಳ್ಳುತ್ತೇನೆ. ಕೋಲ್ಕತ್ತಾದಲ್ಲಿ ಹಿಡಿದಿದ್ದು ಹೂಗ್ಲಿ ನದಿಯನ್ನು. ಅಲ್ಲಿನವರ ಬಾಯಲ್ಲಿ ಅದು ಗಂಗೆ. ಹೌರಾ ಸೇತುವೆಯಿಂದ ಕುಮಾರ್‌ಟುಲಿವರೆಗೆ ಎರಡು ಮೂರು ಕಿಲೋಮೀಟರ್ ದಡ, ಅಷ್ಟೇ ನನ್ನ ಕೋಲ್ಕತ್ತಾ. ಆ ನದಿಯನ್ನು ನಡೆದು ದಾಟಿದೆ, ಬೋಟಿನಲ್ಲಿ ದಾಟಿದೆ, ಕೊನೆಗೆ ಅದರ ಅಡಿಯಿಂದಲೂ ದಾಟಿದೆ.

ಹೋಗಿದ್ದು ಆಗಸ್ಟ್ 15ರ ರಜೆಗೆ. ರಾತ್ರಿ ನದಿಯ ಆಚೆ ದಡದ ಹೌರಾ ಸ್ಟೇಷನ್ನಿನಲ್ಲಿ ಇಳಿದು, ಮೊದಲೇ ಬುಕ್ ಮಾಡಿದ್ದ ಲಾಡ್ಜ್‌ಗೆ ಹೋದರೆ, "ಒಬ್ಬರೇ ಹೆಂಗಸರಿಗೆ ರೂಮು ಕೊಡಲ್ಲ" ಅಂದರು. ದುಡ್ಡು ಕಟ್ಟುವಾಗ ಇದನ್ನು ಯಾರೂ ಹೇಳಿರಲಿಲ್ಲ. ತುಂಬಾ ಸಿಟ್ಟು ಬಂತು, ಅಳುವೂ ಬಂತು. ಆ ಹೊತ್ತಲ್ಲಿ ಬೀದಿ ಬೀದಿ ಅಲೆಯೋದು ಬೇಡ ಅಂತ ಸ್ಟೇಷನ್ನಿಗೇ ವಾಪಸ್ ಬಂದು ಹೆಂಗಸರ ವೇಯ್ಟಿಂಗ್ ರೂಮಿನಲ್ಲಿ ಬ್ಯಾಗು ತಬ್ಬಿಕೊಂಡು ಕೂತೆ. ಭಯ ಆಗಲ್ವಾ ಅಂತ ಕೇಳುತ್ತಾರಲ್ಲ, ಆ ರಾತ್ರಿ ಆಗಿತ್ತು. ಆದರೆ ಸುತ್ತ ಮಕ್ಕಳನ್ನು ಮಲಗಿಸಿಕೊಂಡು ಬೆಳಗಿನ ರೈಲು ಕಾಯುತ್ತಿದ್ದ ಹತ್ತಾರು ತಾಯಂದಿರಿದ್ದರು. ಸ್ವಲ್ಪ ಹೊತ್ತಿಗೆ ಮನಸ್ಸು ತಿಳಿಯಾಯಿತು.

ಪೂರ್ವದ ಊರು, ಅಲ್ಲಿ ಬೆಳಕು ಬೇಗ ಹರಿಯುತ್ತೆ. ನಾಲ್ಕೂವರೆಗೇ ಆಕಾಶ ಬೆಳ್ಳಗಾಗುತ್ತಿತ್ತು. ಎದ್ದು ಸೇತುವೆ ಹತ್ತಿದೆ. 1943ರಲ್ಲಿ ಜನರಿಗೆ ತೆರೆದ ಸೇತುವೆ ಇದು. ಸುಮಾರು 26,500 ಟನ್ ಉಕ್ಕು, ನದಿಯ ನಡುವೆ ಒಂದು ಕಂಬವೂ ಇಲ್ಲ, ನಟ್ಟು ಬೋಲ್ಟು ಇಲ್ಲ, ಎಲ್ಲಾ ರಿವೆಟ್ ಬಡಿದು ಕೂಡಿಸಿದ್ದು. ನಡೆಯುತ್ತಾ ಕೈ ಇಟ್ಟು ನೋಡಿದರೆ ಬಸ್ಸು ಹೋದಾಗಲೆಲ್ಲ ಕಂಬಿ ನಡುಗುವುದು ಅಂಗೈಗೆ ಗೊತ್ತಾಗುತ್ತಿತ್ತು. ಇನ್ನೊಂದು ಕಂಡಿದ್ದು ಎಲೆಯಡಿಕೆ ಉಗುಳಿನ ಕೆಂಪು ಕಲೆ. ಸೇತುವೆಯ ದಾರಿಯನ್ನು ಮೇಲಿನಿಂದ ಹಿಡಿದಿರುವ ತೂಗುಕಂಬಗಳ ಬುಡಕ್ಕೆ ಹಾಕಿದ್ದ ಆರು ಮಿಲಿಮೀಟರ್ ದಪ್ಪದ ಉಕ್ಕಿನ ಹೊದಿಕೆಯನ್ನು ಜನರ ಉಗುಳು ಕೆಲವೇ ವರ್ಷದಲ್ಲಿ ಅರ್ಧದಷ್ಟು ತಿಂದುಹಾಕಿ, ಆಮೇಲೆ ಫೈಬರ್ ಹೊದಿಕೆ ಹಾಕಬೇಕಾಯಿತು ಅಂತ ಹಿಂದೆ ಪೇಪರಿನಲ್ಲಿ ಓದಿದ್ದೆ. ಅಡಿಕೆ ತೋಟದ ಮನೆಯಲ್ಲಿ ಹುಟ್ಟಿದ ನನಗೆ ಅಲ್ಲಿ ನಿಂತಾಗ ಮನಸ್ಸಿಗೆ ಕಷ್ಟವಾಯಿತು.

ಸೇತುವೆ ಇಳಿದ ತಕ್ಷಣ ಬಲಗಡೆ ಕೆಳಗೆ ಮಲ್ಲಿಕ್ ಘಾಟ್ ಹೂವಿನ ಮಾರ್ಕೆಟ್. ನಮ್ಮಲ್ಲಿ ಹೂವು ಅಂದರೆ ಮೊಳ, ಮಾರು ಅಲ್ವಾ? ಇಲ್ಲಿ ಚೆಂಡು ಹೂವಿನ ಹಾರಗಳನ್ನು ಹಗ್ಗದ ಹೊರೆಯಂತೆ ತಲೆ ಮೇಲೆ, ಹೆಗಲ ಮೇಲೆ ಹೊತ್ತು ಓಡುತ್ತಾರೆ, ಆಳು ಕಾಣಲ್ಲ, ಕಾಲು ಮಾತ್ರ ಕಾಣುತ್ತೆ. ಒಬ್ಬ ಅಜ್ಜಿ ಕಾಳಿಗೆ ಹಾಕುವ ಕೆಂಪು ದಾಸವಾಳದ ಹಾರ ಮಾಡುತ್ತಾ ಕೂತಿದ್ದರು. ಅರಳಿದ ಹೂವಲ್ಲ, ಮೊಗ್ಗು. ಒಂದು ಹಾರಕ್ಕೆ 108. ಒದ್ದೆ ಬಟ್ಟೆ ಕೆಳಗಿಂದ ಒಂದೊಂದೇ ಮೊಗ್ಗು ತೆಗೆದು ಪೋಣಿಸುತ್ತಿದ್ದರು, ಕಣ್ಣು ಮಾತ್ರ ನನ್ನ ಮೇಲೆ. ನಮ್ಮನೆಯಲ್ಲಿ ಗಣಪತಿಗೆ ಇದೇ ಹೂವು ಅಂತ ಅರೆಬರೆ ಹಿಂದಿಯಲ್ಲಿ ಹೇಳಿದೆ. ಏನು ಅರ್ಥವಾಯಿತೋ, ಒಂದು ಮೊಗ್ಗು ನನ್ನ ಕೈಗೆ ಹಾಕಿದರು.

ಬಡಾಬಜಾರಿನ ಒಂದು ಧರ್ಮಶಾಲೆಯಲ್ಲಿ ರೂಮು ಸಿಕ್ಕಿತು, ರಾತ್ರಿಗೆ 400 ರೂಪಾಯಿ. ಬೆಳಗ್ಗೆ ಪೂರಿಯಂಥ ಕಚೋರಿ, ಜೊತೆಗೆ ಸಿಪ್ಪೆ ಸಮೇತ ಮಾಡಿದ ಆಲೂಗಡ್ಡೆ ಪಲ್ಯ. ಮಣ್ಣಿನ ಕುಡಿಕೆಯಲ್ಲಿ ಟೀ.

ಮಧ್ಯಾಹ್ನ ಕುಮಾರ್‌ಟುಲಿಗೆ ನಡೆದೆ. ದುರ್ಗಾ ಪೂಜೆಗೆ ಮೂರ್ತಿ ಮಾಡುವವರ ಗಲ್ಲಿ ಅದು. ಬಿದಿರಿನ ಚೌಕಟ್ಟಿಗೆ ಹುಲ್ಲು ಸುತ್ತಿ, ಸೆಣಬಿನ ದಾರದಿಂದ ಬಿಗಿದು ಮೈ ಮಾಡುತ್ತಾರೆ. ಆಮೇಲೆ ನದಿಯ ಜೇಡಿಮಣ್ಣು ಮೆತ್ತುತ್ತಾರೆ. ಮುಖ ಅಚ್ಚಿನಿಂದ ಬರುತ್ತೆ, ಬೆರಳು ಕೈಯಲ್ಲೇ ತಿದ್ದುತ್ತಾರೆ. ಜೋರು ಮಳೆ. ಪ್ಲಾಸ್ಟಿಕ್ ಹೊದಿಕೆ ಕೆಳಗೆ ಒಬ್ಬ ಹುಡುಗ ಮಣ್ಣು ಒಣಗಲಿ ಅಂತ ಉರಿಯುವ ದೀಪದಂಥದ್ದನ್ನು ಹಿಡಿದು ದೇವಿಯ ಹೊಟ್ಟೆಗೆ ಶಾಖ ಕೊಡುತ್ತಿದ್ದ. ತಲೆ ಇಲ್ಲ, ಬೆರಳಿಲ್ಲ, ಹತ್ತು ಮೊಂಡು ತೋಳು ಮಾತ್ರ. ಸಂಜೆ ಅಹಿರಿಟೋಲಾ ಘಾಟಿನಿಂದ ಬೋಟ್ ಹತ್ತಿ ಹೌರಾಗೆ ಬಂದೆ, ಅಲ್ಲಿಂದ ಸೇತುವೆ ಮೇಲೆ ನಡೆದು ರೂಮಿಗೆ. ಬೋಟಿನ ಟಿಕೆಟ್ ನಮ್ಮ ಸಿಟಿ ಬಸ್ಸಿಗಿಂತ ಜಾಸ್ತಿ ಇರಲಿಲ್ಲ.

ಮಾರನೇ ದಿನ ಬೇರೆ ಕಡೆ ಹೋಗಬಹುದಿತ್ತು. ಮತ್ತೆ ಅದೇ ಗಲ್ಲಿಗೆ ಹೋದೆ. ನಿನ್ನೆಯ ಮೂರ್ತಿಗೆ ನಾಲ್ಕು ಕೈಗೆ ಬೆರಳು ಬಂದಿತ್ತು! ಹುಡುಗ ಗುರುತು ಹಿಡಿದು "ದೀದಿ" ಅಂತ ಕರೆದು ಸ್ಟೂಲ್ ಕೊಟ್ಟ. ಐದನೇ ಕೈಗೆ ಹೆಬ್ಬೆರಳು ಕೂರಿಸುವುದನ್ನು ಪಕ್ಕದಲ್ಲೇ ಕೂತು ನೋಡಿದೆ. ಒದ್ದೆ ಬಟ್ಟೆಯ ತುಂಡು ಸುತ್ತಿ, ಮಣ್ಣು ಸವರಿ, ಉಗುರಿನ ಗೆರೆಯನ್ನು ಬಿದಿರಿನ ಕಡ್ಡಿಯಿಂದ ಎಳೆದ. ಹತ್ತು ಜಾಗ ಸುತ್ತುವ ಅವಸರದಲ್ಲಿದ್ದಿದ್ದರೆ ಇದು ನನಗೆ ಸಿಗುತ್ತಿರಲಿಲ್ಲ. ಚಿಕ್ಕಮ್ಮನಿಗೂ ಇದನ್ನೇ ಹೇಳಿದೆ.

ರೈಲಿನ ಟಿಕೆಟ್ ಬಿಟ್ಟರೆ ಎರಡು ದಿನಕ್ಕೆ ಖರ್ಚಾಗಿದ್ದು 1,100 ರೂಪಾಯಿ, ಕಳೆದುಕೊಂಡ ಲಾಡ್ಜ್ ಅಡ್ವಾನ್ಸ್ ಬೇರೆ.

ಹೌರಾ ಸ್ಟೇಷನ್ನಿಗೆ ವಾಪಸ್ ಹೋಗುವಾಗ ಸೇತುವೆಯೇ ಹತ್ತಿರವಿತ್ತು. ಆದರೂ ಬ್ಯಾಗು ಹೊತ್ತು ಮಹಾಕರಣ್ ಸ್ಟೇಷನ್ನಿಗೆ ನಡೆದು ಮೆಟ್ರೋ ಹಿಡಿದೆ. 2024ರ ಮಾರ್ಚ್‌ನಲ್ಲಿ ಶುರುವಾದ ಈ ಮಾರ್ಗ ನದಿಯ ಅಡಿಯಲ್ಲಿ ಹೋಗುತ್ತೆ, ನೀರಿನ ಕೆಳಗಿನ ದಾರಿ ಸುಮಾರು 45 ಸೆಕೆಂಡು. ಸುರಂಗದಲ್ಲಿ ನೀಲಿ ದೀಪ ಕಂಡ ಕೂಡಲೇ ಹುಡುಗರೆಲ್ಲ ಮೊಬೈಲ್ ಎತ್ತಿದರು. ನನ್ನ ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ತಲೆ ಮೇಲಕ್ಕೆತ್ತಿ, ಮೆಟ್ರೋದ ಚಾವಣಿಗೆ ಎರಡೂ ಕೈ ಮುಗಿದರು. ಗಂಗೆ ಮೇಲಿತ್ತಲ್ಲ.